ಕುಳಿತು ಹತ್ತಿದ ಬೆಟ್ಟ

ಆಗ ನನಗೆ ಅರವತ್ತಮೂರು. ಏಳು ವರ್ಷದ ಹಿಂದಿನ ಮಾತು. ತೊಗರಿ ರಾಶಿ ಮುಗಿದು ಹೊಲಗಳು ಖಾಲಿ ಬಿದ್ದಿದ್ದ ದಿನಗಳಲ್ಲಿ ನನ್ನನ್ನು ಲಂಕೆಯ ಬೆಟ್ಟಕ್ಕೆ ಕರೆದುಕೊಂಡು ಹೋದರು. ಪುಣ್ಯ ಬರಲಿ ಅಂತ ಅಲ್ಲ. ಸಾಕ್ಷಿ ಹೇಳಲಿ ಅಂತ.

ಯಾರ ಸಾಕ್ಷಿ ಅಂದರೆ ನನ್ನ ನೆಗೆಣ್ಣಿಯದು. ಅವಳ ಗಂಡ ದೊಡ್ಡವನು, ನನ್ನ ಗಂಡ ಸಣ್ಣವನು. ಅಣ್ಣತಮ್ಮ ಇಬ್ಬರೂ ಸತ್ತು ಮಣ್ಣಾದರು, ನಮ್ಮಿಬ್ಬರ ಜಗಳ ಮಾತ್ರ ಸಾಯಲಿಲ್ಲ. ನಾನು ಕಮಲಾಪುರದಲ್ಲೇ ಉಳಿದೆ, ಕೆಂಪು ಬಾಳೆಯ ತೋಟಗಳಲ್ಲಿ ಕೂಲಿ ಮಾಡಿದೆ. ಅವಳು ಮಗನ ಹಿಂದೆ ಕಲಬುರಗಿಗೆ ಹೋದಳು. ಮಗನಿಗೆ ಸರ್ಕಾರಿ ನೌಕರಿ. ಶರಣಸಿರಸಗಿಯ ಕಡೆ, ನಿನ್ನೆ ಮೊನ್ನೆಯ ತನಕ ಜೋಳ ಬೆಳೆಯುತ್ತಿದ್ದ ಹೊಲದಲ್ಲಿ, ಎರಡು ಅಂತಸ್ತಿನ ಮನೆ ಕಟ್ಟಿಸಿದ. ಗೋಡೆಗೆ ಕಣ್ಣು ಕುಕ್ಕುವ ಬಣ್ಣ, ಗೇಟಿಗೆ ಬಂಗಾರದ ಬಣ್ಣ. ಬಾಗಿಲ ಮುಂದೆ ಮಾತ್ರ ಮಳೆ ಬಂದರೆ ಅದೇ ಹೊಲದ ಕೆಸರು.

ಮೇಲಿನ ಅಂತಸ್ತಿನಲ್ಲಿ ಒಂದು ಖೋಲಿ, ಅದರ ಮುಂದೆ ಬಯಲು ಮಾಳಿಗೆ. ಅದು ನೆಗೆಣ್ಣಿಯದು. ಅಲ್ಲಿ ಅವಳದೇ ಒಂದು ಸಣ್ಣ ಒಲೆ, ಅವಳದೇ ಚಹಾ, ಅವಳದೇ ಮೆಣಸಿನಕಾಯಿ ಒಣಹಾಕುವ ಜಾಗ. ಮಾಳಿಗೆಯ ಗೋಡೆಗೆ ಒರಗಿ ನಿಂತರೆ ಯಾರ ಮನೆಗೆ ಯಾರು ಬಂದರು, ಯಾರ ಸೊಸೆ ಎಷ್ಟು ಹೊತ್ತಿಗೆ ಕಸ ಹೊಡೆದಳು, ಎಲ್ಲ ಕಾಣುತ್ತದೆ. ಅವಳಿಗೆ ಅದಕ್ಕಿಂತ ದೊಡ್ಡ ಸ್ವರ್ಗ ಬೇಕಿರಲಿಲ್ಲ.

ಮಗನಿಗೆ ಆ ಖೋಲಿ ಬಾಡಿಗೆಗೆ ಕೊಡಬೇಕಿತ್ತು. ಅವ್ವನಿಗೆ ಅಂತ ಕೆಳಗೆ, ಸ್ಕೂಟರ್ ನಿಲ್ಲಿಸುವ ಜಾಗದ ಪಕ್ಕ, ನೀರಿನ ಮೋಟರು ಇಟ್ಟ ಖೋಲಿ ತೋರಿಸಿದ. ಕಿಟಕಿ ಇತ್ತು, ಆದರೆ ಅದು ಪಕ್ಕದ ಮನೆಯ ಗೋಡೆಯನ್ನೇ ನೋಡುತ್ತಿತ್ತು.

ನಾನು ಅವತ್ತು ಬಾಳೆಗೊನೆ ತೆಗೆದುಕೊಂಡು ಹೋಗಿದ್ದೆ, ಅಲ್ಲೇ ಕೂತಿದ್ದೆ.

"ಅವ್ವಾ, ನಿನ್ನ ಮಣಕಾಲ ಹೋಗ್ಯಾವ. ದಿನಾ ಹತ್ತಿ ಇಳಿಯೂದು ಯಾಕ ಬೇಕು? ಕೆಳಗ ಬಾ," ಅಂದ ಮಗ.

"ಯಾರ ಮಣಕಾಲೋ ಹೋಗ್ಯಾವ? ನಾ ಲಂಕಾಕ್ಕ ಹೋಗಿ ಗುಡ್ಡಾ ಹತ್ತಾಕಿ ಇದ್ದೀನಿ. ಯಾತ್ರಾಕ್ಕ ಕರಕೊಂಡು ಹೋಗೂ ಸರ್ ನನ್ನ ಹೆಸರು ಬರಕೊಂಡಾರ."

ಮಗ ನಕ್ಕ. ಸೊಸೆ ಒಳಗಿನಿಂದ ನಕ್ಕಳು. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ.

"ಹತ್ತಿ ಬಾ ಮತ್ತ. ಹತ್ತಿದ್ರ ಆ ಖೋಲಿ ನೀ ಇರೂತನ ನಿಂದ. ಹತ್ತಲಿಲ್ಲ ಅಂದ್ರ ಬಾಯಿ ಮುಚಗೊಂಡು ಕೆಳಗ ಬರಬೇಕು."

"ಬರ್ತೀನಿ."

"ಹತ್ತಿದಿ ಅಂತ ನನಗ ಯಾರು ಹೇಳಬೇಕು? ನೀನ ಹೇಳಿದ್ರ ನಾ ನಂಬಾಂಗಿಲ್ಲ. ಕಾಕಿನ್ನ ಜೊತಿಗಿ ಕಳಸ್ತೀನಿ. ಆಕಿ ಹೇಳ್ಲಿ. ಆಕಿ ನಿನ್ನ ಸಲುವಾಗಿ ಅಂತೂ ಸುಳ್ಳ ಹೇಳಾಂಗಿಲ್ಲ."

ಕಾಕಿ ಅಂದರೆ ನಾನು. ಅವನು ಹೇಳಿದ್ದು ಖರೆ. ನೆಗೆಣ್ಣಿ ನನ್ನ ಮುಖ ನೋಡಿದಳು. ನೆರೆಮನೆಯ ಬೆಕ್ಕು ತಮ್ಮ ಹಾಲಿನ ಪಾತ್ರೆಗೆ ಬಾಯಿ ಹಾಕಿದಾಗ ನೋಡುತ್ತಾರಲ್ಲ, ಹಾಗೆ.

ನಮ್ಮ ಕಡೆಯವರಿಗೆ ಬೆಟ್ಟ ಅಂದರೆ ಏನು ಅಂತಲೇ ಗೊತ್ತಿಲ್ಲ. ಕಲಬುರಗಿ ಅಂದರೆ ರೊಟ್ಟಿ ಹಂಚು. ಅಷ್ಟೇ ಚಪ್ಪಟೆ, ಅಷ್ಟೇ ಬಿಸಿ. ಕಮಲಾಪುರದ ಹತ್ತಿರ ಕೆಂಪು ಮಣ್ಣಿನ ನಾಲ್ಕು ದಿಬ್ಬ ಇವೆ. ಅವನ್ನು ಆಡುಗಳು ಹತ್ತುತ್ತವೆ, ಆಡು ತಪ್ಪಿಸಿಕೊಂಡರೆ ನಾವು ಹತ್ತುತ್ತೇವೆ. ಕೆಲಸವಿಲ್ಲದೆ ಹತ್ತುವವರನ್ನು ನಾನು ಕಂಡಿಲ್ಲ. ಅಂಥ ಊರಿನ ಜನ ಬೆಟ್ಟಕ್ಕೆ ತಯಾರಾಗಿದ್ದು ಹೇಗೆ ಅಂತ ಹೇಳುತ್ತೇನೆ, ನೀವೂ ನಗಬಹುದು.

ನಮ್ಮಪ್ಪನ ಕಾಲದಲ್ಲೇ ನಮ್ಮ ಓಣಿ ಬುದ್ಧನ ಕಡೆ ಬಂತು. ಕಲಬುರಗಿಯಲ್ಲಿ ನಮ್ಮ ಜನ ಆಗಾಗ ಗುಂಪು ಕಟ್ಟಿ ಯಾತ್ರೆ ಹೋಗುತ್ತಾರೆ. ಈ ಗುಂಪಿಗೆ ಒಬ್ಬ ನಿವೃತ್ತ ಸಾಹೇಬ ಮುಖಂಡ. ಎಲ್ಲರೂ ಸರ್ ಅನ್ನುತ್ತಿದ್ದರು. ಕೊರಳಲ್ಲಿ ಯಾವಾಗಲೂ ಒಂದು ಸೀಟಿ. ಹೆಂಗಸರನ್ನು ಕರೆಯಬೇಕಾದರೆ ಬಾಯಿ ತೆರೆಯುತ್ತಿರಲಿಲ್ಲ, ಸೀಟಿ ಊದುತ್ತಿದ್ದ. ನಾನು ಕುರಿ ಕಾಯುವವರನ್ನು ನೋಡಿದ್ದೇನೆ, ಅವರೂ ಕುರಿಯನ್ನು ಬಾಯಿ ಬಿಟ್ಟು ಕರೆಯುತ್ತಾರೆ.

ಈ ಸರ್ ಎಲ್ಲರಿಗೂ ಹೇಳಿದ್ದ: "ದಿನಾ ಮುಂಜಾನಿ ಕೆರಿ ಸುತ್ತ ರೌಂಡ್ ಹೊಡೀರಿ ಅವ್ವಾರ. ಗುಡ್ಡ ತಾನ ಹತ್ತತದ."

ಒಂದು ಸಲ ನಾನು ಊರಿಂದ ಬಂದವಳು ಶರಣಬಸವೇಶ್ವರ ಗುಡಿಯ ಹತ್ತಿರ ಇಳಿದು ಕೆರೆ ಕಡೆ ನಡೆದೆ. ನೆಗೆಣ್ಣಿ ಮಗನ ಹಳೆಯ ಬೂಟು ಹಾಕಿಕೊಂಡು, ಸೀರೆಯನ್ನು ಮೇಲಕ್ಕೆ ಸಿಕ್ಕಿಸಿ, ತೋಳು ಬೀಸಿಕೊಂಡು ಬರುತ್ತಿದ್ದಳು. ಕಾಲೇಜಿನ ಹುಡುಗಿಯರು ಬಾಯಿಗೆ ಓಢಣಿ ಹಿಡಿದಿದ್ದರು.

"ಅಕ್ಕಾ, ಇದು ಚಪ್ಪಟಿ ಅದ. ಗುಡ್ಡ ನಿಂತಿರ್ತದ," ಅಂದೆ.

"ನಿನಗೇನ ಗೊತ್ತು? ಸರ್ ಹೇಳ್ಯಾರ."

"ಸರ್ ಹತ್ಯಾರೇನು?"

"ಅವರು ಓದ್ಯಾರ."

ಅವಳು ಕೆರೆ ಸುತ್ತಿದಳು. ಪ್ರತಿ ಸುತ್ತಿಗೂ ಹೊರಟ ಜಾಗಕ್ಕೇ ಬಂದಳು.

ಹೋಗುವ ಮೊದಲು ರೊಟ್ಟಿಯ ಕೆಲಸ ಬಿತ್ತು. ನಮ್ಮವರು ದೂರದೂರಿಗೆ ಹೋಗುವಾಗ ಕಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಳ್ಳದೆ ಹೊಸಲು ದಾಟುವುದಿಲ್ಲ. ನೆಗೆಣ್ಣಿಗಂತೂ ಅನ್ನ ಕಂಡರೆ ಆಗದು. ಅನ್ನ ಉಂಡರೆ ಕಾಲಿಗೆ ಬಾವು ಇಳಿಯುತ್ತದೆ ಅಂತ ಅವಳ ನಂಬಿಕೆ. ಕಮಲಾಪುರದ ನನ್ನ ಅಂಗಳಕ್ಕೆ ಬಂದಳು. ಸರದಿಯ ಮೇಲೆ ಒಬ್ಬಳು ಬಡಿದರೆ ಇನ್ನೊಬ್ಬಳು ಬೇಯಿಸಿದಳು. ನನ್ನ ರೊಟ್ಟಿ ಅಂಚು ಸೀಳುತ್ತದೆ ಅಂದಳು. ಅವಳ ರೊಟ್ಟಿ ದಪ್ಪ, ಎಮ್ಮೆಗೆ ಹಾಕಬಹುದು ಅಂದೆ. ಜೋಳದ ಹಿಟ್ಟಿಗಿಂತ ಹೆಚ್ಚು ಬೈಗುಳ ಖರ್ಚಾಯಿತು.

ಒಂದೇ ವಿಷಯದಲ್ಲಿ ಇಬ್ಬರದೂ ಒಂದೇ ಮಾತು. ಡಬ್ಬಿಯಲ್ಲಿ ಹಾಕಿ ಮುಚ್ಚಬಾರದು, ರೊಟ್ಟಿ ಬೆವರುತ್ತದೆ. ಬಿಳಿ ಧೋತರದ ಬಟ್ಟೆಯಲ್ಲಿ ಕಟ್ಟಬೇಕು, ಗಾಳಿ ಆಡಬೇಕು. ಹಾಗೆ ಕಟ್ಟಿದ ರೊಟ್ಟಿ ನಮ್ಮ ಮನೆಗಳಲ್ಲಿ ತಿಂಗಳಾದರೂ ಹಪ್ಪಳದಂತೆ ಮುರಿಯುತ್ತದೆ. ಅವಳ ಸೊಸೆ ಕಲಬುರಗಿಯಿಂದ ಪ್ಲಾಸ್ಟಿಕ್ ಡಬ್ಬಿ ಕಳಿಸಿಕೊಟ್ಟಳು. ಇಬ್ಬರೂ ಒಟ್ಟಿಗೆ ಬೈದು ವಾಪಸು ಕಳಿಸಿದೆವು. ಮದುವೆಯಾಗಿ ಬಂದಾಗಿನಿಂದ ನಾವಿಬ್ಬರು ಒಪ್ಪಿದ ಮಾತು ಅದೊಂದೇ. ಅದೇ ತಪ್ಪಾಯಿತು.

ರೈಲು, ವಿಮಾನ, ಮತ್ತೊಂದು ವಿಮಾನ, ಬಸ್ಸು. ವಿಮಾನದ ಬಗ್ಗೆ ಹೇಳುವಂಥದ್ದೇನಿಲ್ಲ. ಕಿವಿ ನೋಯುತ್ತದೆ.

ಲಂಕೆಯ ಕೆಳಗಿನ ಬಯಲು ಬಿಸಿ, ನಮಗೆ ಹಿಡಿಸಿತು. ನಡುವಿನ ಮಲೆಯ ಕಡೆ ಬಸ್ಸು ತಿರುಗಿದ ಮೇಲೆ ಎಲ್ಲ ಕೆಟ್ಟಿತು. ರಸ್ತೆ ಹಾವಿನಂತೆ ಸುತ್ತಿಕೊಂಡು ಮೇಲೆ ಹೋಗುತ್ತದೆ. ಒಂದು ಕಡೆ ಗೋಡೆಯಂಥ ಗುಡ್ಡ, ಇನ್ನೊಂದು ಕಡೆ ಏನೂ ಇಲ್ಲ. ನಮ್ಮ ಗುಂಪಿನ ಹೆಂಗಸರು ಅರ್ಧ ಜನ ವಾಂತಿ ಮಾಡಿಕೊಂಡರು, ಇನ್ನರ್ಧ ಜನ "ಎಷ್ಟ ಚೆಂದ, ಎಷ್ಟ ಚೆಂದ" ಅಂದರು. ವಾಂತಿ ಮಾಡಿದವರೂ ಬಾಯಿ ಒರೆಸಿಕೊಂಡು ಅದನ್ನೇ ಅಂದರು.

ಗುಡ್ಡದ ಹಿಂದೆ ಗುಡ್ಡ, ಅದರ ಹಿಂದೆ ಇನ್ನೊಂದು. ಹತ್ತಿರದ್ದು ಹಸಿರು, ಆಚೆಯದು ನೀಲಿ, ಅದರಾಚೆಯದು ಬೂದಿ. ಹೊಲದವಳ ಕಣ್ಣಿಗೆ ಅದೆಲ್ಲ ಏನು? ಎತ್ತು ನಿಲ್ಲುವುದಿಲ್ಲ, ಕುಂಟೆ ಹೊಡೆಯಲಾಗುವುದಿಲ್ಲ. ಕಡಿದಾದ ಇಳಿಜಾರಿನಲ್ಲೆಲ್ಲ ಚಹಾ ಗಿಡ, ಕ್ಷೌರ ಮಾಡಿದ ತಲೆಯಂತೆ ಒಂದೇ ಸಮ. ಅದರ ನಡುವೆ ಹೆಂಗಸರು ತಲೆಗೆ ಪಟ್ಟಿ ಹಾಕಿ ಬೆನ್ನಿಗೆ ಮೂಟೆ ಇಳಿಬಿಟ್ಟುಕೊಂಡು ಎಲೆ ಕೀಳುತ್ತಿದ್ದರು. ಸರ್ ಬಸ್ಸು ನಿಲ್ಲಿಸಿ ಸೀಟಿ ಊದಿದ. ನಮ್ಮವರೆಲ್ಲ ಇಳಿದು ಅವರ ಪಕ್ಕ ನಿಂತು ಹಲ್ಲು ತೋರಿಸಿ ಫೋಟೋ ತೆಗೆಸಿಕೊಂಡರು. ಅವರಲ್ಲಿ ಒಬ್ಬಳು, ನನ್ನ ವಯಸ್ಸಿನವಳೇ, ನನ್ನ ಕೈ ನೋಡಿದಳು. ನಾನು ಅವಳ ಕೈ ನೋಡಿದೆ. ಎರಡೂ ಒಂದೇ ಕಂಪನಿಯ ಮಾಲು. ನಾನು ಇಷ್ಟು ವರ್ಷ ತೊಗರಿ ಕೊಯ್ದೆ, ಒಬ್ಬನೂ ಬಸ್ಸು ನಿಲ್ಲಿಸಲಿಲ್ಲ. ಕೂಲಿಯವಳು ಚೆಂದ ಕಾಣಬೇಕಾದರೆ ಅವಳನ್ನು ಬೆಟ್ಟದ ಮೇಲೆ ನಿಲ್ಲಿಸಬೇಕು ಅಂತ ಅವತ್ತು ತಿಳಿಯಿತು.

ದಾರಿಯಲ್ಲಿ ಕೆಂಪು ಬಾಳೆಹಣ್ಣು ತೂಗುಹಾಕಿದ್ದರು. ತಿಂದು ನೋಡಿದೆ. ಬಣ್ಣ ನಮ್ಮದೇ, ರುಚಿ ಇಲ್ಲ. ನೆಗೆಣ್ಣಿ ಎರಡು ತಿಂದು, "ನಿಮ್ಮ ಕಮಲಾಪುರದ್ದಕ್ಕಿಂತ ಚಲೋ ಅದ" ಅಂದಳು. ಅವಳೂ ಕಮಲಾಪುರದವಳೇ. ನನ್ನನ್ನು ಉರಿಸುವುದಕ್ಕೆ ತನ್ನ ಊರನ್ನೂ ಮಾರುತ್ತಾಳೆ.

ಬೆಟ್ಟದ ಬುಡದ ಊರಿಗೆ ಮುಟ್ಟಿದಾಗ ಜಿಟಿಜಿಟಿ ಮಳೆ. ಹಗಲು ಹೊತ್ತಿನಲ್ಲೇ ಹಲ್ಲು ಕಡಿಯುವ ಚಳಿ. ಗೋಡೆ ಒದ್ದೆ, ಹಾಸಿಗೆ ಒದ್ದೆ, ಬೆಂಕಿಕಡ್ಡಿ ಕೂಡ ಒದ್ದೆ. ಸಂಜೆ ಉಣ್ಣಬೇಕೆಂದು ರೊಟ್ಟಿಯ ಗಂಟು ಬಿಚ್ಚಿದೆವು. ರೊಟ್ಟಿ ಮುರಿಯಲಿಲ್ಲ. ಬಾಗಿತು. ಮಂಜು ಕುಡಿದು ಕುಡಿದು ಹಳೆಯ ಚಪ್ಪಲಿಯ ತೊಗಲಿನಂತಾಗಿತ್ತು, ನಡುವಿನವುಗಳ ಮೇಲೆ ಹಸಿರು ಬೂಷ್ಟು. ಗಾಳಿ ಆಡಲಿ ಅಂತ ಕಟ್ಟಿದ್ದೆವಲ್ಲ, ಆಡಿತ್ತು. ಆ ಊರಿನ ಗಾಳಿಯಲ್ಲಿ ನೀರು ಇರುತ್ತದೆ ಅಂತ ಬಿಸಿಲ ನಾಡಿನ ಈ ಇಬ್ಬರು ಶಾಣ್ಯಾರಿಗೆ ಹೊಳೆದಿರಲಿಲ್ಲ. ಬಾಗಿಲಲ್ಲಿದ್ದ ನಾಯಿಗೆ ಒಂದು ಹಾಕಿದೆ. ಮೂಸಿ ನೋಡಿ ಹಿಂದೆ ಸರಿಯಿತು.

"ನೀ ಕಟ್ಟಿದ ಗಂಟು," ಅಂದಳು ನೆಗೆಣ್ಣಿ.

"ನೀ ಬಡಿದ ರೊಟ್ಟಿ," ಅಂದೆ ನಾನು.

ಅಲ್ಲಿ ಸಿಗುವುದು ಅನ್ನ, ತೆಂಗಿನಕಾಯಿ. ಅವಳು ಮುಟ್ಟಲಿಲ್ಲ. ಬರೀ ಚಹಾ ಕುಡಿದು ಮಲಗಿದಳು.

ಶ್ರೀಪಾದ ಅಂತ ಆ ಬೆಟ್ಟದ ಹೆಸರು. ತುದಿಯಲ್ಲಿ ಒಂದು ಹೆಜ್ಜೆಯ ಗುರುತು ಇದೆಯಂತೆ. ಬುದ್ಧನದು ಅಂತ ನಾವು ಅನ್ನುತ್ತೇವೆ, ಶಿವನದು ಅಂತ ಕೆಲವರು, ಮೊದಲನೇ ಮನುಷ್ಯನದು ಅಂತ ಮುಸಲ್ಮಾನರು. ಒಂದು ಹೆಜ್ಜೆಗೆ ಇಷ್ಟು ಮಂದಿ ವಾರಸುದಾರರು. ಹೊಲ ಆಗಿದ್ದರೆ ಕೋರ್ಟಿನಲ್ಲೇ ಇರುತ್ತಿತ್ತು. ಆ ಊರಿನವರು ಇರುಳಲ್ಲಿ ಹತ್ತಿ ಮೇಲೆ ಸೂರ್ಯನನ್ನು ನೋಡುತ್ತಾರೆ. ಸರ್‌ಗೆ ಇರುಳು ಅಂದರೆ ಅಂಜಿಕೆ. ಬೆಳಕು ಹರಿದ ಮೇಲೆ ಹೊರಡಿಸಿದ.

ಬುಡದಿಂದ ತುದಿಯ ತನಕ ಮೆಟ್ಟಿಲು. ಸಾವಿರಾರು. ಒಂದು ಗೇಣು, ಒಂದು ಮೊಳ, ಯಾವುದಕ್ಕೂ ಒಂದು ಅಳತೆ ಇಲ್ಲ. ಮೊದಲನೆಯ ತಿರುವಿನ ಚಹಾದಂಗಡಿಯಲ್ಲೇ ಸರ್ ಎದೆ ಹಿಡಿದುಕೊಂಡು ಕುಂತ.

"ನೀವು ನಡೀರಿ ಅವ್ವಾರ. ನನಗ ಬಿ.ಪಿ. ಅದ. ನಾ ಇಲ್ಲಿಂದನ ನಿಮ್ಮ ಮ್ಯಾಲ ನಿಗಾ ಇಡ್ತೀನಿ."

ಅಲ್ಲಿಂದ ಅವನಿಗೆ ಕಾಣುತ್ತಿದ್ದದ್ದು ಒಂದು ಮೂತ್ರಿಖಾನೆ ಮಾತ್ರ.

ಉಳಿದವರು ಮುಂದೆ ಹೋದರು. ನೆಗೆಣ್ಣಿ ಹಿಂದೆ ಬಿದ್ದಳು, ಅವಳ ಜೊತೆ ನಾನು. ಸಾಕ್ಷಿಯವಳು ಆರೋಪಿಯನ್ನು ಬಿಟ್ಟು ಹೋಗಬಾರದಲ್ಲ. ಮೊದಲು ಹತ್ತು ಮೆಟ್ಟಿಲಿಗೊಮ್ಮೆ ನಿಂತಳು, ಆಮೇಲೆ ಎರಡಕ್ಕೊಮ್ಮೆ. ಕೆರೆಯ ಸುತ್ತು ಅವಳ ಬಾಯಿಗೆ ಬಲ ಕೊಟ್ಟಿತ್ತು, ಕಾಲಿಗಲ್ಲ. ನಿಂತಾಗೆಲ್ಲ ನನ್ನನ್ನು ಬೈದಳು. ನಾನು ಸುಮ್ಮನಿರಲಿಲ್ಲ. ಬೇಯಿಸಿದ ಕಡಲೆ ಮಾರುವವನ ಹತ್ತಿರ ಕೈಸನ್ನೆ ಮಾಡಿ ಒಂದು ಪೊಟ್ಟಣ ತಂದು ಅವಳ ಮಡಿಲಿಗೆ ಎಸೆದೆ. ಅನ್ನ ಅಲ್ಲ ಅಂತ ಖಾತ್ರಿ ಮಾಡಿಕೊಂಡು ತಿಂದಳು.

ಅರ್ಧಕ್ಕಿಂತ ಮೇಲೆ ಒಂದು ತಗಡಿನ ಚಪ್ಪರ. ಅಲ್ಲಿ ಅವಳ ಬಲಗಾಲು ಮಡಚುವುದನ್ನು ಬಿಟ್ಟಿತು. ಮಣಕಾಲು ಊದಿ ತೆಂಗಿನಕಾಯಿ ಆಗಿತ್ತು. ಎದ್ದು ನಿಲ್ಲಲು ನೋಡಿದಳು, ಕುಸಿದಳು. ಮತ್ತೆ ನೋಡಿದಳು, ಮತ್ತೆ ಕುಸಿದಳು. ಮಂಜು ಬಂದು ನಮ್ಮಿಬ್ಬರನ್ನೂ ಮುಚ್ಚಿತು. ಅವಳ ಮುಖ ಮಾತ್ರ ಕಾಣುತ್ತಿತ್ತು. ಅವಳು ಹಾಗೆ ಹೆದರಿದ್ದನ್ನು ನಾನು ಕಂಡಿರಲಿಲ್ಲ. ಅವಳ ಗಂಡ ಸತ್ತ ದಿನವೂ ಊರವರ ಮೇಲೆ ಜೋರು ಮಾಡಿದ್ದಳು.

"ಏ ಸಣ್ಣಾಕಿ," ಅಂದಳು. ಮದುವೆಯಾಗಿ ಬಂದ ಹೊಸದರಲ್ಲಿ ನನ್ನನ್ನು ಹಾಗೆ ಕರೆಯುತ್ತಿದ್ದಳು. "ಆ ಮೋಟರ್ ಖೋಲಿ ನೋಡೀಯಿಲ್ಲ? ಗ್ವಾಡಿ ನೋಡಕೋತ ಕೂಡಬೇಕು ನಾ."

"ನೋಡೀನಿ."

"ನೀ ಮ್ಯಾಲ ಹೋಗಿ ಬಾ. ಇಬ್ರೂ ಹತ್ತೀವಿ ಅಂತ ಹೇಳು."

"ಅದು ಆಗಾಂಗಿಲ್ಲ ಅಕ್ಕಾ."

"ಗೊತ್ತು. ನಿನ್ನ ಹೊಟ್ಟ್ಯಾಗ ಕಲ್ಲ ಅದ."

ಸಿಟ್ಟಿನಿಂದ ಎರಡೂ ಕೈ ಹಿಂದಿನ ಮೆಟ್ಟಿಲಿಗೆ ಊರಿ ಮೈ ಎತ್ತಿದಳು, ನನ್ನಿಂದ ದೂರ ಸರಿಯಲಿಕ್ಕೆ. ಕುಂಡಿ ಮೇಲಿನ ಮೆಟ್ಟಿಲಿನ ಮೇಲೆ ಹೋಗಿ ಕುಂತಿತು. ಅವಳು ಮತ್ತೆ ಕೈ ಊರಿದಳು, ಎಡಗಾಲಿನಿಂದ ಒದ್ದಳು, ಇನ್ನೊಂದು ಮೆಟ್ಟಿಲು.

"ನಡೀತದಲ್ಲಾ!" ಅಂದಳು.

"ಸೀರಿ ಹರೀತದ."

"ಹರೀಲಿ."

ರೊಟ್ಟಿ ಕಟ್ಟಿದ್ದ ಧೋತರದ ಬಟ್ಟೆ ನನ್ನ ಹೆಗಲ ಮೇಲೆ ಇತ್ತು, ಮಳೆಗೆ ಹೊದೆಯಲು ತಂದಿದ್ದೆ. ಅದನ್ನೇ ಮಡಚಿ ಅವಳ ಕೆಳಗೆ ಕೊಟ್ಟು ಸೊಂಟಕ್ಕೆ ಬಿಗಿದೆ. ಹೀಗೆ ಬೆಟ್ಟಕ್ಕೆ ಬೆನ್ನು ಮಾಡಿ, ಒಂದೊಂದೇ ಮೆಟ್ಟಿಲು ಕುಳಿತು ಕುಳಿತು ಏರಿದಳು. ನಾನು ಅವಳ ಕಾಲ ಕಡೆ, ಸೀರೆ ಮೇಲೆ ಸರಿಯದಂತೆ ಹಿಡಿದುಕೊಂಡು, ಒಂದು ಮೆಟ್ಟಿಲು ಕೆಳಗೆ.

ಬಿಳಿ ಬಟ್ಟೆಯ ಆ ಊರಿನ ಯಾತ್ರಿಕರು ಮೇಲಿಂದ ಇಳಿದು ಬರುತ್ತಿದ್ದರು. ಇವಳನ್ನು ಕಂಡು ದಾರಿ ಬಿಟ್ಟು ಗೋಡೆಗೆ ಒತ್ತಿ ನಿಂತು ಕೈ ಮುಗಿದರು. ದೊಡ್ಡ ಹರಕೆ ಹೊತ್ತವಳು ಅಂದುಕೊಂಡಿರಬೇಕು. ಒಬ್ಬ ಮುದುಕಿ ಬಗ್ಗಿ ಇವಳ ಕಾಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಇದು ಬಾಡಿಗೆ ಖೋಲಿಯ ಜಗಳ ಅಂತ ಅವರಿಗೆ ಯಾರು ಹೇಳಬೇಕು? ನೆಗೆಣ್ಣಿಯಂತೂ ಎರಡನೇ ನಮಸ್ಕಾರದಿಂದಲೇ ಮುಖ ಬದಲಿಸಿದಳು. ಕಣ್ಣು ಅರ್ಧ ಮುಚ್ಚಿ ತಲೆ ಆಡಿಸಿ ಎಲ್ಲರಿಗೂ ಆಶೀರ್ವಾದ ಕೊಡತೊಡಗಿದಳು.

"ಸಾಕ ಮಾಡು ಅಕ್ಕಾ. ಮುಂದಿನ ಪಾವಟಗಿ ನೋಡು."

"ನಿನಗ ಹೊಟ್ಟಿಕಿಚ್ಚು."

ನಮ್ಮ ಗುಂಪಿನವರು ಇಳಿದು ಎದುರಾದರು. ಯಾರೂ ಕೈ ಮುಗಿಯಲಿಲ್ಲ. ನಕ್ಕರು, ಫೋನು ಎತ್ತಿದರು. ನಾನು ಅವಳ ಮುಂದೆ ನಿಂತೆ. "ಯಾರರೆ ಫೋಟೋ ತಗದ್ರ ಆ ಫೋನು ಕೆಳಗಿನ ಕೊಳ್ಳದಾಗ ಇರ್ತದ," ಅಂದೆ. ಫೋನು ಇಳಿದವು.

ಮಧ್ಯಾಹ್ನ ದಾಟಿ ತುದಿ ಮುಟ್ಟಿದೆವು. ಇಷ್ಟೆಲ್ಲ ಮಾಡಿ ಅಲ್ಲಿ ಏನಿತ್ತು ಅಂತ ಕೇಳಿ. ಸಿಮೆಂಟಿನ ಕಟ್ಟೆ, ಗ್ರಿಲ್ಲು, ಸಾಲು. ಹೆಜ್ಜೆಯ ಮೇಲೆ ಬಟ್ಟೆ ಹೊದಿಸಿದ್ದರು. ಬಟ್ಟೆಗೆ ನಮಸ್ಕಾರ ಮಾಡಿ ಮುಂದೆ ನಡೆಯಬೇಕು. ಒಂದು ಗಂಟೆ ತೂಗುಹಾಕಿದ್ದರು. ಎಷ್ಟು ಸಲ ಬೆಟ್ಟ ಹತ್ತಿರುತ್ತೀರೋ ಅಷ್ಟು ಸಲ ಹೊಡೆಯಬೇಕಂತೆ. ನೆಗೆಣ್ಣಿ ಗ್ರಿಲ್ಲು ಹಿಡಿದು ಎದ್ದು ನಿಂತು ಒಮ್ಮೆ ಹೊಡೆದಳು. ಇನ್ನೊಮ್ಮೆ ಕೈ ಎತ್ತಿದಳು. ನಾನು ಕೈ ಹಿಡಿದೆ.

ಮಂಜು ಒಂದು ಗಳಿಗೆ ಸರಿಯಿತು. ಸುತ್ತಲೂ ಲಂಕೆಯ ಗುಡ್ಡಗಳೆಲ್ಲ ಕೆಳಗಿದ್ದವು. ಸಾಲು ಸಾಲು, ಯಾರೋ ಹಸಿರು ಕಂಬಳಿ ಒದ್ದು ಎದ್ದು ಹೋದ ಹಾಗೆ. ನಡುವೆ ಬೆಳ್ಳನೆಯ ನೀರಿನ ಗೆರೆಗಳು. ಒಂದು ಮನೆ ಇಲ್ಲ.

"ಎಷ್ಟ ಜಾಗಾ ಖಾಲಿ ಬಿಟ್ಟಾರ ನೋಡು," ಅಂದಳು ನೆಗೆಣ್ಣಿ. "ನನ್ನ ಮಗ ಆಗಿದ್ರ ಪ್ಲಾಟ್ ಹಾಕಿಸ್ತಿದ್ದ."

ಮತ್ತೆ ಮಂಜು ಬಿತ್ತು. ನಾವು ನೋಡಿದ್ದು ಅಷ್ಟೇ.

ಇಳಿಯುವುದೂ ಕುಳಿತೇ. ಚಹಾದಂಗಡಿಯಲ್ಲಿ ಸರ್ ನಮ್ಮನ್ನು ಕಂಡು ಸೀಟಿ ಊದಿದ. "ಎಷ್ಟ ಹೊತ್ತ್ರಿ ಅವ್ವಾರ! ನಿಮ್ಮಿಂದ ಎಲ್ಲಾರಿಗೂ ಲೇಟ್." ಅಷ್ಟರಲ್ಲಿ ಅವನು ಎಲ್ಲರ ಮನೆಗೂ ಫೋನಿನಲ್ಲಿ ಸುದ್ದಿ ಕಳಿಸಿಬಿಟ್ಟಿದ್ದ: ನಮ್ಮ ನೇತೃತ್ವದಲ್ಲಿ ಎಲ್ಲರೂ ಶಿಖರ ಮುಟ್ಟಿದರು. ನೇತೃತ್ವ ಅಂತೆ. ಚಹಾದ ಬಿಲ್ಲಿನ ನೇತೃತ್ವ.

ವಾಪಸು ಬರುವ ದಾರಿಯೆಲ್ಲ ನೆಗೆಣ್ಣಿ ಬೆಲ್ಲವಾದಳು. ಬಸ್ಸಿನಲ್ಲಿ ಕಿಟಕಿಯ ಸೀಟು ನನಗೆ ಬಿಟ್ಟಳು. ರೈಲಿನಲ್ಲಿ ತನ್ನ ಚಾದರ ಕೊಟ್ಟಳು. ವಾಡಿ ಸ್ಟೇಶನ್ ದಾಟಿ ಕಲಬುರಗಿ ಹತ್ತಿರ ಬಂದ ಮೇಲೆ ಮಾತು ತೆಗೆದಳು.

"ಹತ್ತೀನಿ ಅಂತಷ್ಟ ಹೇಳು. ಹೆಂಗ ಹತ್ತಿದೆ ಅಂತ ಬ್ಯಾಡ."

"ಕೇಳಲಿಲ್ಲ ಅಂದ್ರ ಹೇಳಾಂಗಿಲ್ಲ. ಕೇಳಿದ್ರ ಹೇಳ್ತೀನಿ."

ಅವಳು ಚಾದರ ಕಿತ್ತುಕೊಂಡಳು.

ಶರಣಸಿರಸಗಿಯ ಮನೆಗೆ ನಾವು ಮುಟ್ಟಿದಾಗ ಸಂಜೆ. ಮಗ ಫೋನು ಹಿಡಿದು ಅಂಗಳಕ್ಕೆ ಬಂದ. ಅದರಲ್ಲಿ ಅವ್ವ ಗಂಟೆಯ ಪಕ್ಕ ನಿಂತ ಫೋಟೋ ಇತ್ತು. ಕಲಬುರಗಿಯಿಂದಲೇ ಬಂದಿದ್ದ ಇನ್ನೊಂದು ಗುಂಪಿನವರು ಯಾರೋ ತೆಗೆದು ಫೋನಿನ ಗುಂಪಿಗೆ ಹಾಕಿದ್ದರಂತೆ.

"ಗೆದ್ದಿ ಬಿಡವ್ವಾ," ಅಂದ. ಸೊಸೆಯ ಮುಖ ಇಳಿಯಿತು. ಬಾಡಿಗೆಯವರಿಗೆ ಆಗಲೇ ಮಾತು ಕೊಟ್ಟಿದ್ದಳೇನೋ. "ಆದ್ರೂ ಕಾಕಿನ್ನ ಕೇಳೂಣು. ಕಾಕಿ, ಹತ್ತಿದ್ಲೇನು?"

"ಹತ್ತಿದ್ಲು."

"ಪೂರಾ?"

"ಪೂರಾ."

ನೆಗೆಣ್ಣಿ ಉಸಿರು ಬಿಟ್ಟಳು. ಸೊಸೆ ಬಿಡಲಿಲ್ಲ.

"ಆ ಮಣಕಾಲ ತಗೊಂಡು ಹೆಂಗ ಹತ್ತಿದ್ರಿ ಕಾಕಿ ಅತ್ತಿ?"

ಕೇಳಿದರು. ಹೇಳಿದೆ. "ಅರ್ಧಾ ಕಾಲಿಂದ. ಉಳದದ್ದು ಕುಂಡಿ ಮ್ಯಾಲ."

ಗಂಟಿನಿಂದ ಧೋತರದ ಬಟ್ಟೆ ತೆಗೆದು ಅಂಗಳದಲ್ಲಿ ಹರವಿದೆ. ನಾಲ್ಕು ಮಡಿಕೆಯೂ ತೂತು ಬಿದ್ದಿತ್ತು, ಎರಡು ದೊಡ್ಡ ತೂತು, ಅಕ್ಕಪಕ್ಕ. ಸೊಸೆ ಬಾಯಿಗೆ ಸೆರಗು ಹಿಡಿದಳು. ಮಗ ಮೊದಲು ನಕ್ಕ, ಆಮೇಲೆ ಅವನಿಗೆ ನಾಚಿಕೆ ಬಂತು, ನಾಚಿಕೆ ಸಿಟ್ಟಾಯಿತು.

"ಇದು ಹತ್ತೂದೇನು? ಅಷ್ಟು ಮಂದಿ ಮುಂದ! ಇಜ್ಜತ್ ಕಳದಿ ಅವ್ವಾ. ಮಣಕಾಲ ಹೋಗ್ಯಾವ ಅಂತ ನಾ ಹೇಳಿದ್ದು ಖರೆ ಆಯ್ತಿಲ್ಲ? ನಾಳಿ ಸಾಮಾನ ಕೆಳಗ ತರೂಣು."

"ನೀ ಹತ್ತು ಅಂದಿದ್ದಿ," ಅಂದೆ. "ಕಾಲಿಂದ ಅಂದಿದ್ದಿಲ್ಲ. ನಿಮ್ಮ ಸರ್ ಕಾಲಿಂದ ಹೋಗಿ ಚಾದಂಗಡ್ಯಾಗ ಕುಂತಾ. ಈಕಿ ಕುಂಡಿಯಿಂದ ಹೋಗಿ ಗಂಟಿ ಹೊಡದಾಳ. ಯಾರು ಹತ್ಯಾರ ಅಂತ ನೀನ ಹೇಳು."

"ಕಾಕಿ, ನೀ ನಡು ಬರಬ್ಯಾಡ."

"ನನ್ನ ನಡು ತಂದಾಂವ ನೀನ."

ನೆಗೆಣ್ಣಿ ನನ್ನನ್ನೂ ನೋಡಲಿಲ್ಲ, ಮಗನನ್ನೂ ನೋಡಲಿಲ್ಲ. ಆ ಮನೆಯ ಮೆಟ್ಟಿಲು ಹೊರಗಡೆ ಇದೆ, ರಸ್ತೆಯ ಕಡೆ ಮುಖ ಮಾಡಿ. ಬಡಾವಣೆಯ ಎಲ್ಲ ಮನೆಗಳದೂ ಹಾಗೆಯೇ. ಸಂಜೆಯ ಹೊತ್ತು, ಹೆಂಗಸರು ಬಾಗಿಲಲ್ಲಿ ನಿಂತಿದ್ದರು, ಗಂಡಸರು ಗಾಡಿ ಒಳಗೆ ಹಾಕುತ್ತಿದ್ದರು. ಅವಳು ಕುಂಟುತ್ತ ಹೋಗಿ ಮೊದಲನೇ ಮೆಟ್ಟಿಲ ಮೇಲೆ ಕುಂತಳು. ರಸ್ತೆಯ ಕಡೆ ಮುಖ. ಕೈ ಹಿಂದೆ ಊರಿದಳು. ಏರಿದಳು.

"ಅತ್ತೀ! ಮಂದಿ ನೋಡ್ಲಾಕತ್ತಾರ್ರೀ!" ಸೊಸೆ ಒದರಿದಳು.

"ನೋಡ್ಲಿ," ಅಂದಳು ನೆಗೆಣ್ಣಿ ಅರ್ಧದಿಂದ. "ಇಡೀ ಲಂಕಾ ನೋಡಿ ಕೈ ಮುಗದದ. ನಿಮ್ಮ ಈ ನಾಕ ಮನಿಯವರು ಯಾವ ಲೆಕ್ಕ?"

ಎದುರು ಮನೆಯ ಮುದುಕ ಗೇಟಿಗೆ ಬಂದು ಕೇಳಿದ, "ಏನ್ ಮಾಡ್ಲಾಕತ್ತೀರಿ ಅವ್ವಾರ?"

"ನನ್ನ ಖೋಲಿಗಿ ಹೊಂಟೀನ್ರಿ. ದಿನಾ ಹಿಂಗ ಹೋಗ್ತೀನ್ರಿ. ನೋಡಿ ನೋಡಿ ರೂಢಿ ಆಗ್ತದ ನಿಮಗ."

ಮಗ ಮೆಟ್ಟಿಲ ಬುಡದ ತನಕ ಬಂದು ನಿಂತ. ರಸ್ತೆಯ ತುಂಬ ಕಣ್ಣು. ಆ ಕಣ್ಣುಗಳ ಮುಂದೆ ಅವ್ವನನ್ನು ಎಳೆದು ಕೆಳಗೆ ತರುವ ಧೈರ್ಯ ಅವನಿಗಿರಲಿಲ್ಲ. ಇಜ್ಜತ್ತಿಗೆ ಅಂಜಿ ಕೆಳಗೆ ಕರೆದವನು ಇಜ್ಜತ್ತಿಗೆ ಅಂಜಿಯೇ ಸುಮ್ಮನಾದ. ಮೇಲೆ ಬಾಗಿಲು ಚಿಲಕ ಹಾಕಿದ ಸದ್ದು ಕೇಳಿತು. ಸ್ವಲ್ಪ ಹೊತ್ತಿಗೆ ಚಹಾ ಕುದಿಯುವ ವಾಸನೆ. ನನ್ನನ್ನು ಕರೆಯಲಿಲ್ಲ. ಕರೆಯುತ್ತಾಳೆ ಅಂತ ನಾನೂ ಅಂದುಕೊಂಡಿರಲಿಲ್ಲ. ಮೋಟರಿನ ಖೋಲಿಯಲ್ಲಿ ಚಾಪೆ ಹಾಸಿಕೊಂಡು ಮಲಗಿದೆ. ಅವಳು ಹೇಳಿದ್ದು ಸುಳ್ಳಲ್ಲ. ಕಿಟಕಿ ತೆರೆದರೆ ಗೋಡೆ.

ಮರುದಿನ ಬೆಳಗ್ಗೆ ಯಾರೂ ಏಳುವ ಮೊದಲು ಕಸಬರಿಗೆ ತೆಗೆದುಕೊಂಡು ಆ ಮೆಟ್ಟಿಲುಗಳನ್ನು ಮೇಲಿನಿಂದ ಕೆಳಗಿನ ತನಕ ಗುಡಿಸಿದೆ. ಎರಡು ಮೆಟ್ಟಿಲ ಅಂಚಿನಲ್ಲಿ ಸಿಮೆಂಟು ಎದ್ದು ಮುಳ್ಳಿನಂತೆ ನಿಂತಿತ್ತು. ಕಲ್ಲು ಹುಡುಕಿ ತಂದು ತಿಕ್ಕಿ ಸಮ ಮಾಡಿದೆ. ಕೈ ತೊಳೆದುಕೊಂಡು ಕಮಲಾಪುರದ ಬಸ್ಸು ಹತ್ತಿದೆ.